ಆಟೋ ಹ್ಯಾಂಡಲ್ ನಡುಗುತ್ತಿದೆಯಾ? ಮೊದಲು ಗಾಡಿಯನ್ನು ಸರಿಯಾಗಿ ಎತ್ತಿ ನಿಲ್ಲಿಸಿ

ಗಾಡಿ 30 ದಾಟಿದರೆ ಸಾಕು, ಹ್ಯಾಂಡಲ್ ಕೈಯಲ್ಲೇ ನಡುಗುತ್ತಿತ್ತು. 20ರಲ್ಲಿ ಏನೂ ಇಲ್ಲ. 45ರ ಹತ್ತಿರ ಮತ್ತೆ ಕಡಿಮೆ. ಬ್ರೇಕ್ ತುಳಿದಾಗ ಮಾತ್ರ ಕಾಲಿನ ಮುಂದೆ ಎಲ್ಲೋ ‘ಟಕ್’ ಅಂತ ಒಂದು ಏಟು. ಎಫ್‌ಸಿಗೆ, ಅಂದರೆ ಗಾಡಿಯ ಫಿಟ್ನೆಸ್ ತಪಾಸಣೆಗೆ, ಇನ್ನು ಹದಿನೈದು ದಿನ ಇತ್ತು. ಸ್ಟ್ಯಾಂಡಿನಲ್ಲಿ ಕೇಳಿದರೆ ಒಬ್ಬರು ಟೈರ್ ಅಂದರು, ಇನ್ನೊಬ್ಬರು ಬೇರಿಂಗ್ ಅಂದರು, ಮತ್ತೊಬ್ಬರು ಶಾಕ್ ಅಬ್ಸಾರ್ಬರ್ ಬದಲಿಸಿಬಿಡು ಅಂದರು. ಮೂರನ್ನೂ ಬದಲಿಸುವಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ. ಆದ್ದರಿಂದ ಮನೆ ಮುಂದೆಯೇ ಗಾಡಿ ಎತ್ತಿ, ಒಂದೊಂದಾಗಿ ನೋಡುತ್ತಾ ಹೋದೆ.

ನಮ್ಮದು ಎಲ್ಲರಿಗೂ ಗೊತ್ತಿರುವ ಥರದ ಆಟೋ. ಎಂಜಿನ್ ಹಿಂದೆ, ಮುಂದೆ ಒಂದು ಚಕ್ರ, ಹಿಂದೆ ಎರಡು. ಈ ಬರಹ ಅಂಥ ಗಾಡಿಯ ಬಗ್ಗೆ. ದೋಷ ಹುಡುಕುವುದು ಕಷ್ಟವಲ್ಲ. ಹುಡುಕುವಾಗ ಗಾಡಿ ನಮ್ಮ ಕೈಮೇಲೆ ಕೂರದಂತೆ ನೋಡಿಕೊಳ್ಳುವುದೇ ಕಷ್ಟ. ಅದನ್ನೇ ಇಲ್ಲಿ ಜಾಸ್ತಿ ಬರೆದಿದ್ದೇನೆ.

ಓರೆ ಮಲಗಿಸುವುದು ಬೇಡ

ಆಟೋ ಹಗುರ, ಮೂರ್ನಾಲ್ಕು ಜನ ಸೇರಿದರೆ ಪಕ್ಕಕ್ಕೆ ಒರಗಿಸಬಹುದು. ಆಯುಧಪೂಜೆಗೆ ತೊಳೆಯುವಾಗ ತಳ ಕಾಣಲಿ ಅಂತ ಹಾಗೆ ಮಾಡುವವರನ್ನು ನಾನೂ ನೋಡಿದ್ದೇನೆ. ಆದರೆ ಹಗುರ ಅಂದರೂ ಖಾಲಿ ಗಾಡಿ 350 ಕಿಲೋ ಆಚೀಚೆ ಇರುತ್ತದೆ. ಒಬ್ಬನ ಕಾಲು ಜಾರಿದರೆ ಅಷ್ಟೂ ಭಾರ ಉಳಿದವರ ಮೇಲೆ ಬರುತ್ತದೆ. ಬ್ಯಾಟರಿಯ ಆಸಿಡ್ ಚೆಲ್ಲುತ್ತದೆ, ಆಯಿಲ್ ಹೋಗಬಾರದ ಕಡೆ ಹೋಗುತ್ತದೆ. ಎಲ್‌ಪಿಜಿ ಗಾಡಿ ಆದರಂತೂ ಮುಟ್ಟಲೇಬೇಡಿ. ಒತ್ತಡ ಜಾಸ್ತಿಯಾದಾಗ ಗ್ಯಾಸ್ ಹೊರಬಿಡುವ ಸುರಕ್ಷತಾ ವಾಲ್ವ್ ಟ್ಯಾಂಕಿನ ಮೇಲ್ಭಾಗದ ಆವಿಗೆ ತೆರೆದುಕೊಂಡಿರಬೇಕು. ಟ್ಯಾಂಕ್ ಮಗುಚಿದರೆ ಅದೇ ವಾಲ್ವ್ ದ್ರವದಲ್ಲಿ ಮುಳುಗಬಹುದು. ಆಗ ಹೊರಬರುವುದು ಆವಿಯಲ್ಲ, ದ್ರವ. ಜಾಕ್ ಹಾಕಿ ಎತ್ತುವಾಗಲೂ ಮೊದಲು ಟ್ಯಾಂಕಿನ ವಾಲ್ವ್ ಮುಚ್ಚಿ, ಗಾಳಿ ಆಡುವ ಜಾಗದಲ್ಲಿ ಗಾಡಿ ನಿಲ್ಲಿಸಿ.

ಮೂರು ಕಲ್ಲಿನ ಒಲೆ

ಹಳ್ಳಿಯಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಮೂರು ಕಲ್ಲು ಸರಿಯಾಗಿ ದೂರ ದೂರ ಇದ್ದರೆ ಪಾತ್ರೆ ಗಟ್ಟಿಯಾಗಿ ಕೂರುತ್ತದೆ. ಒಂದು ಕಲ್ಲನ್ನು ಸ್ವಲ್ಪ ಒಳಗೆ ತಳ್ಳಿದರೆ ಪಾತ್ರೆ ಆ ಕಡೆಗೆ ವಾಲುತ್ತದೆ. ಪಾತ್ರೆಯ ಭಾರ ಮೂರು ಕಲ್ಲಿನ ನಡುವೆ ಬೀಳಬೇಕು, ಅಷ್ಟೇ.

ಆಟೋ ಕೂಡ ಹಾಗೇ. ಕಾರಿಗೆ ನಾಲ್ಕು ಚಕ್ರ. ಒಂದನ್ನು ಎತ್ತಿದರೂ ಮೂರು ನೆಲದಲ್ಲಿರುತ್ತವೆ. ಆಟೋದಲ್ಲಿ ಒಂದು ಎತ್ತಿದರೆ ಉಳಿಯುವುದು ಎರಡೇ. ಮೂರನೇ ಕಲ್ಲು ನೀವು ಇಟ್ಟ ಜಾಕ್. ಹಿಂದಿನ ಎಡ ಚಕ್ರ ಎತ್ತಲು ಜಾಕನ್ನು ಆ ಚಕ್ರದ ಪಕ್ಕದಲ್ಲೇ, ಆದಷ್ಟು ಹೊರಗೆ ಇಟ್ಟರೆ ತ್ರಿಕೋನ ಹೆಚ್ಚುಕಡಿಮೆ ಮೊದಲಿನಷ್ಟೇ ಅಗಲ ಇರುತ್ತದೆ. ಕೈಗೆ ಸುಲಭ ಅಂತ ಚಾಸಿಯ (ಗಾಡಿಯ ತಳದ ಚೌಕಟ್ಟಿನ) ಮಧ್ಯಕ್ಕೆ ಇಟ್ಟರೆ ತ್ರಿಕೋನ ಸಣ್ಣಗಾಗುತ್ತದೆ. ಎಂಜಿನ್ನಿನ ಭಾರ ಹಿಂದೆ ನಡುವಿನಲ್ಲೇ ಇರುವುದರಿಂದ ಗಾಡಿ ಆ ಅಂಚಿಗೆ ಬಂದು ನಿಲ್ಲುತ್ತದೆ. ಪಾನಾಕ್ಕೆ ಒಂದು ಎಳೆತ ಕೊಟ್ಟರೆ ಸಾಕು, ಎತ್ತಿದ ಕಡೆಗೇ ಮಗುಚಬಹುದು.

ಎರಡನೇ ಅಪಾಯ ಗಾಡಿ ಉರುಳುವುದು. ಇದನ್ನು ನಾನು ಕಲಿತದ್ದು ಐದು ವರ್ಷದ ಹಿಂದೆ. ಹಿಂದಿನ ಚಕ್ರದಲ್ಲಿ ಗುಂಯ್ ಸದ್ದು ಬರುತ್ತಿತ್ತು. ಜಾಕ್ ಎತ್ತರ ಸಾಲದೆ ಅದರ ಕೆಳಗೆ ಒಂದು ಇಟ್ಟಿಗೆ ಇಟ್ಟಿದ್ದೆ. ಗೇರ್ ಹಾಕಿ ಹ್ಯಾಂಡ್ ಬ್ರೇಕ್ ಎಳೆದಿದ್ದೆ. ಮುಂದಿನ ಚಕ್ರಕ್ಕೆ ಒಂದು ಕಲ್ಲು, ಅದೂ ಹಿಂದೆ ಮಾತ್ರ. ಚಕ್ರ ಬಿಚ್ಚಿದೆ. ಚಕ್ರ ಕೂರುವ ಬ್ರೇಕ್ ಡ್ರಮ್ ತಿರುಗಿಸಿ ನೋಡಬೇಕು, ಆದರೆ ಹ್ಯಾಂಡ್ ಬ್ರೇಕ್ ಹಿಡಿದಿದೆ. ಎದ್ದು ಹೋಗಿ ಬ್ರೇಕ್ ಬಿಟ್ಟೆ. ಗಾಡಿ ಒಂದು ಗೇಣು ಮುಂದೆ ಹೋಯಿತು. ಇಟ್ಟಿಗೆ ‘ಪಟ್’ ಅಂತ ಎರಡು ಹೋಳಾಯಿತು, ಜಾಕ್ ಮಲಗಿತು, ಡ್ರಮ್ ನೇರವಾಗಿ ನೆಲಕ್ಕೆ ಬಡಿಯಿತು. ಅರ್ಧ ನಿಮಿಷದ ಹಿಂದೆ ನನ್ನ ಎಡಗೈ ಅಲ್ಲೇ ಇತ್ತು. ಸಿಮೆಂಟ್ ನೆಲದಲ್ಲಿ ಡ್ರಮ್ಮಿನ ಅಂಚು ಮೂಡಿಸಿದ ಅರ್ಧಚಂದ್ರದ ಗುರುತು ಇವತ್ತಿಗೂ ಇದೆ.

ಗೇರ್ ಇತ್ತಲ್ವಾ, ಯಾಕೆ ಹಿಡಿಯಲಿಲ್ಲ? ಹಿಂದಿನ ಎರಡು ಚಕ್ರದ ನಡುವೆ ಡಿಫರೆನ್ಷಿಯಲ್ ಇದೆ, ಅಂದರೆ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದು ಹಿಮ್ಮುಖವಾಗಿ ತಿರುಗಿ, ನೆಲದಲ್ಲಿರುವ ಚಕ್ರಕ್ಕೆ ಉರುಳಲು ದಾರಿ ಬಿಡುತ್ತದೆ. ಗೇರ್ ಹಾಕಿದ್ದರೂ ಗಾಡಿ ಹೋಗುತ್ತದೆ. ಹ್ಯಾಂಡ್ ಬ್ರೇಕ್ ಕೆಲಸ ಮಾಡುವುದೂ ಹಿಂದಿನ ಚಕ್ರಗಳ ಮೇಲೆ ಮಾತ್ರ. ಎರಡೂ ಹಿಂದಿನ ಚಕ್ರ ಎತ್ತಿದರೆ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲದ ಹಾಗೆ. ನೆಲದಲ್ಲಿರುವುದು ಮುಂದಿನ ಚಕ್ರ ಒಂದೇ, ಅದು ಸಲೀಸಾಗಿ ಉರುಳುತ್ತದೆ. ಹಾಗಾಗಿ ಹಿಂದೆ ಎತ್ತುವಾಗ ಗಾಡಿಯನ್ನು ಹಿಡಿಯುವುದು ಚಕ್ರಕ್ಕೆ ಕೊಟ್ಟ ಅಡೆ ಮಾತ್ರ. ಅಡೆ ಚಕ್ರದ ಹಿಂದೆ ಮುಂದೆ ಎರಡೂ ಕಡೆ ಇರಬೇಕು.

ಬೇಕಾದ ಸಾಮಾನು

2 ಟನ್ನಿನ ಬಾಟಲ್ ಜಾಕ್ ಆಟೋಗೆ ಧಾರಾಳ. ಅದನ್ನು ನೆಟ್ಟಗೇ ನಿಲ್ಲಿಸಬೇಕು, ಓರೆ ಇಡಬಾರದು. ಎರಡು ಜಾಕ್ ಸ್ಟ್ಯಾಂಡ್ ಬೇಕು, ಇದರಲ್ಲಿ ಉಳಿತಾಯ ಬೇಡ. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತುಕೊಂಡು ನಿಲ್ಲುವುದು ಸ್ಟ್ಯಾಂಡಿನ ಕೆಲಸ. ಬಾಟಲ್ ಜಾಕಿನಲ್ಲಿ ಒಂದು ಸೀಲ್ ಸೋರಿದರೆ ಗಾಡಿ ಸದ್ದಿಲ್ಲದೆ ಇಳಿಯುತ್ತದೆ.

ಇಟ್ಟಿಗೆ, ಹಾಲೋ ಬ್ಲಾಕ್ ಬೇಡವೇ ಬೇಡ. ಮರ ಒಡೆಯುವ ಮುಂಚೆ ಕಿರುಗುಟ್ಟುತ್ತದೆ, ಬಾಗುತ್ತದೆ. ಇಟ್ಟಿಗೆ ಹೇಳದೆ ಕೇಳದೆ ಒಡೆಯುತ್ತದೆ. ಎರಡು ಇಂಚಿನ ದಪ್ಪ ಹಲಗೆ ಒಂದೆರಡು, ದಪ್ಪ ಪ್ಲೈವುಡ್ ತುಂಡು ಎರಡು, ಅಡೆಗೆ ಓರೆ ಕೊಯ್ದ ಮರದ ತುಂಡು ನಾಲ್ಕು, ಒಂದಿಷ್ಟು ಹಗ್ಗ ಇಟ್ಟುಕೊಳ್ಳಿ. ಪ್ಲೈವುಡ್ ಯಾಕೆ ಅಂದರೆ, ಮಣ್ಣು ನೆಲದಲ್ಲಿ ಸ್ಟ್ಯಾಂಡಿನ ಕಾಲು ಹೂತುಹೋಗುತ್ತದೆ. ಏಪ್ರಿಲ್ ಬಿಸಿಲಿನ ಡಾಂಬರಿನಲ್ಲೂ ಅಷ್ಟೇ. ಬೆಳಿಗ್ಗೆ ನೆಟ್ಟಗೆ ನಿಂತ ಸ್ಟ್ಯಾಂಡ್ ಮಧ್ಯಾಹ್ನಕ್ಕೆ ವಾಲಿರುತ್ತದೆ.

ಟೈರ್ ಪಂಕ್ಚರ್ ಆಗಿದ್ದರೆ ಚಾಸಿ ಕುಸಿದು ಜಾಕ್ ಒಳಗೇ ಹೋಗುವುದಿಲ್ಲ. ಆಗ ಕೈಯಲ್ಲಿ ಎತ್ತಲು ಹೋಗಬೇಡಿ. ಗಾಡಿಯನ್ನು ತಳ್ಳಿ ಆ ಚಕ್ರವನ್ನು ಎರಡು ಇಂಚಿನ ಹಲಗೆಯ ಮೇಲೆ ಹತ್ತಿಸಿ. ಜಾಕಿಗೆ ಜಾಗ ಸಿಗುತ್ತದೆ.

ಗಾಲಿಯಿರುವ ಟ್ರಾಲಿ ಜಾಕ್ ಇದ್ದರೆ ನುಣುಪು ನೆಲದಲ್ಲಿ ಮಾತ್ರ ಬಳಸಿ. ಅದರ ತೋಳು ಏರುವಾಗ ಕಮಾನಿನ ಹಾಗೆ ಹೋಗುತ್ತದೆ, ಅದಕ್ಕೆ ಸರಿಯಾಗಿ ಜಾಕ್ ತಾನೇ ಸ್ವಲ್ಪ ಉರುಳಬೇಕು. ಜಲ್ಲಿಯಲ್ಲಿ ಅದರ ಗಾಲಿ ಸಿಕ್ಕಿಕೊಂಡರೆ ಜಾಕಿನ ತಲೆ ಚಾಸಿಯಿಂದ ಜಾರುತ್ತದೆ.

ಎತ್ತುವ ಮೊದಲೇ: ದೋಷ ಮುಂದಿದೆಯೋ, ಹಿಂದಿದೆಯೋ?

ಸುಮ್ನೆ ಎರಡೂ ಕಡೆ ಎತ್ತುವ ಅಗತ್ಯ ಇಲ್ಲ. ನಡುಕ ಕೈಗೆ ಬಂದರೆ ಮೊದಲು ಮುಂದೆ ನೋಡಿ. ಸೀಟಿಗೆ, ಬೆನ್ನಿಗೆ ಬಂದರೆ ಹಿಂದೆ. ಗುಂಯ್ ಸದ್ದು ಗಾಡಿಯ ವೇಗಕ್ಕೆ ತಕ್ಕಂತೆ ಏರಿ, ನ್ಯೂಟ್ರಲ್ ಮಾಡಿದರೂ ಹಾಗೇ ಉಳಿದರೆ ಚಕ್ರದ ಬೇರಿಂಗ್ ಕಡೆ ಅನುಮಾನ ಪಡಿ. ಗಾಡಿ ಹೊರಡುವಾಗ ಹಿಂದಿನಿಂದ ‘ಕಟ್ ಕಟ್’ ಅಂದರೆ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಒಯ್ಯುವ ಶಾಫ್ಟಿನ ಜಾಯಿಂಟ್. ಓಡಿಸಿ ಬಂದ ಮೇಲೆ ಒಂದು ಡ್ರಮ್ ಮಾತ್ರ ಕಾವು ಕಾರುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ. ಡ್ರಮ್ಮನ್ನು ಮುಟ್ಟಬೇಡಿ, ಅಂಗೈ ಹತ್ತಿರ ಒಯ್ದರೆ ಸಾಕು, ಗೊತ್ತಾಗುತ್ತದೆ.

ನನ್ನದು ಕೈಗೆ ಬರುವ ನಡುಕ. ಹಾಗಾಗಿ ಮುಂದೆ.

ಮುಂಭಾಗ ಎತ್ತುವುದು

ಇದು ಸುಲಭದ ಕೆಲಸ, ಯಾಕಂದರೆ ಎಂಜಿನ್ ಹಿಂದಿರುವುದರಿಂದ ಮುಂದೆ ಭಾರ ಕಡಿಮೆ. ಹಿಂದಿನ ಎರಡೂ ಚಕ್ರ ನೆಲದಲ್ಲೇ ಇರುತ್ತವೆ, ಅಂದರೆ ಹ್ಯಾಂಡ್ ಬ್ರೇಕೂ ಗೇರೂ ಎರಡೂ ಹಿಡಿಯುತ್ತವೆ. ಆದರೂ ಎರಡು ಹಿಂದಿನ ಚಕ್ರಕ್ಕೂ ಹಿಂದೆ ಮುಂದೆ ಅಡೆ ಕೊಡಿ. ಸೀಟಿನಲ್ಲಿ ಯಾರೂ ಇರಬಾರದು. ಮಕ್ಕಳನ್ನು ಒಳಗೆ ಕಳಿಸಿ. ನಿಂತ ಆಟೋ ಕಂಡರೆ ಹತ್ತಿ ಕೂರುವುದು ಅವರ ಅಭ್ಯಾಸ.

ಚಕ್ರ ಬಿಚ್ಚುವ ಯೋಚನೆ ಇದ್ದರೆ ನಟ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಗಾಳಿಯಲ್ಲಿ ನಿಂತ ಗಾಡಿಗೆ ಪಾನಾ ಹಾಕಿ ಎಗರಬಾರದು. ಇಲ್ಲಿ ಒಂದು ಮಾತು. ಆಟೋ ರಿಮ್ ಎರಡು ಹೋಳು ಸೇರಿಸಿ ಬಿಗಿದದ್ದು. ಕೆಲವು ನಟ್ ಚಕ್ರವನ್ನು ಡ್ರಮ್ಮಿಗೆ ಹಿಡಿಯುತ್ತವೆ, ಉಳಿದವು ರಿಮ್ಮಿನ ಎರಡು ಹೋಳನ್ನು ಹಿಡಿಯುತ್ತವೆ. ಟೈರಿನಲ್ಲಿ ಗಾಳಿ ಇರುವಾಗ ಈ ಎರಡನೆಯದನ್ನು ಬಿಚ್ಚಿದರೆ ರಿಮ್ ಸಿಡಿಯುತ್ತದೆ. ಯಾವುದು ಯಾವುದು ಅಂತ ಖಾತ್ರಿ ಇಲ್ಲದಿದ್ದರೆ ಮೊದಲು ಗಾಳಿ ಪೂರ್ತಿ ಬಿಟ್ಟುಬಿಡಿ.

ಜಾಕನ್ನು ಮುಂದಿನ ಚಕ್ರದ ಹಿಂದೆ, ಚಾಸಿಯ ಗಟ್ಟಿ ಅಡ್ಡಪಟ್ಟಿಗೆ ಕೊಡಿ. ತೆಳು ಶೀಟಿಗೆ ಕೊಟ್ಟರೆ ಅದು ತಗಡಿನ ಡಬ್ಬದ ಹಾಗೆ ನೆಗ್ಗುತ್ತದೆ. ಜಾಕ್ ತಲೆಗೂ ಚಾಸಿಗೂ ನಡುವೆ ಒಂದು ಮರದ ತುಂಡು ಇದ್ದರೆ ಕಬ್ಬಿಣದ ಮೇಲೆ ಕಬ್ಬಿಣ ಜಾರುವುದಿಲ್ಲ. ಎಲೆಕ್ಟ್ರಿಕ್ ಆಟೋ ಆದರೆ ಬ್ಯಾಟರಿ ಪೆಟ್ಟಿಗೆಗೆ ಜಾಕ್ ತಾಗಲೇಬಾರದು.

ಟೈರಿನ ಕೆಳಗೆ ಎರಡು ಬೆರಳು ಹೋಗುವಷ್ಟು ಎತ್ತಿದರೆ ಸಾಕು. ಅದಕ್ಕಿಂತ ಜಾಸ್ತಿ ಎತ್ತಿದಷ್ಟೂ ಅಪಾಯವೇ ಜಾಸ್ತಿ. ಎರಡು ಸ್ಟ್ಯಾಂಡನ್ನು ಚಾಸಿಯ ಎಡಕ್ಕೊಂದು ಬಲಕ್ಕೊಂದು ಇಟ್ಟು, ಜಾಕನ್ನು ನಿಧಾನವಾಗಿ ಇಳಿಸಿ, ಭಾರ ಸ್ಟ್ಯಾಂಡಿಗೆ ಬಿಡಿ. ಜಾಕನ್ನು ತೆಗೆಯಬೇಡಿ, ಮುಟ್ಟಿಯೂ ಮುಟ್ಟದ ಹಾಗೆ ಅಲ್ಲೇ ಇರಲಿ. ಆಮೇಲೆ ಪಕ್ಕದಲ್ಲಿ ನಿಂತು ಗಾಡಿಯನ್ನು ಭುಜದಿಂದ ಒಮ್ಮೆ ತಳ್ಳಿ ನೋಡಿ. ಸ್ಟ್ಯಾಂಡ್ ಕದಲಿದರೆ, ‘ಕರ್’ ಅಂದರೆ, ಇಳಿಸಿ ಮತ್ತೆ ಮೊದಲಿನಿಂದ ಮಾಡಿ. ಬೀಳುವುದಿದ್ದರೆ ನಿಮ್ಮ ಕೈ ಕೆಳಗೆ ಹೋಗುವ ಮುಂಚೆ ಬೀಳಲಿ.

ಮುಂದಿನ ಚಕ್ರದ ಐದು ಪರೀಕ್ಷೆ

1948ರಲ್ಲಿ ಇಟಲಿಯ ಪಿಯಾಜಿಯೋ ಕಂಪನಿ ತನ್ನ ವೆಸ್ಪಾ ಸ್ಕೂಟರಿನ ಮುಂಭಾಗಕ್ಕೆ ಹಿಂದೆ ಎರಡು ಚಕ್ರ ಸೇರಿಸಿ ಆಪೆ ಅನ್ನುವ ಮೂರು ಚಕ್ರದ ಗಾಡಿ ಮಾರಾಟಕ್ಕೆ ತಂದಿತು. ನಮ್ಮ ಆಟೋ ಅದೇ ವಂಶದ್ದು. ಹಾಗಾಗಿ ಮುಂದಿನ ಚಕ್ರ ಒಂದೇ ಪಕ್ಕದ ತೋಳಿಗೆ ಕೂತಿದೆ, ಹ್ಯಾಂಡಲ್ ತಿರುಗುವುದು ಕೋನ್ ಸೆಟ್ ಮೇಲೆ, ಅಂದರೆ ಹ್ಯಾಂಡಲ್ ಕೊಳವೆಯ ಮೇಲೂ ಕೆಳಗೂ ಕೂರುವ ಗುಂಡುಗಳ ಬೇರಿಂಗ್ ಮೇಲೆ. ಹಳೇ ಸ್ಕೂಟರ್ ಬಿಚ್ಚಿದವರಿಗೆ ಇದೆಲ್ಲ ಮನೆಯ ವಿಷಯ.

ಮೊದಲು ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಾಡಿಸಿ. ನನ್ನದು ಅಲುಗಾಡಿತು. ಇಲ್ಲೇ ಹಲವರು ‘ಬೇರಿಂಗ್ ಹೋಗಿದೆ’ ಅಂತ ತೀರ್ಮಾನ ಮಾಡುತ್ತಾರೆ. ತಡೆಯಿರಿ. ಒಬ್ಬರನ್ನು ಹೊರಗೆ ನಿಂತೇ ಕೈಯಿಂದ ಬ್ರೇಕ್ ಪೆಡಲ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲುಗಾಡಿಸಿ. ಬ್ರೇಕ್ ಒತ್ತಿದಾಗ ಲೈನರ್ ಡ್ರಮ್ಮನ್ನು ಕಚ್ಚಿ ಹಿಡಿಯುತ್ತದೆ, ಚಕ್ರದ ನಡುವಿನ (ಹಬ್) ಬೇರಿಂಗಿನ ಆಟ, ಅಂದರೆ ಸಡಿಲ ಅಲುಗಾಟ, ನಿಲ್ಲುತ್ತದೆ. ಆಟ ಮಾಯವಾದರೆ ದೋಷ ಬೇರಿಂಗಿನಲ್ಲಿ. ಆಟ ಹಾಗೇ ಉಳಿದರೆ ದೋಷ ಅದಕ್ಕಿಂತ ಮೇಲೆ, ತೋಳಿನ ಪಿನ್ ಸುತ್ತ ಇರುವ ಬುಷ್‌ನಲ್ಲೋ ಕೋನ್ ಸೆಟ್‌ನಲ್ಲೋ. ನನ್ನದು ಹಾಗೇ ಉಳಿಯಿತು. ಹೊಸ ಬೇರಿಂಗಿನ ದುಡ್ಡು ಅಲ್ಲೇ ಉಳಿಯಿತು.

ಎರಡನೆಯದು, ಚಕ್ರದ ತೋಳನ್ನು ಹಿಡಿದು ಹಿಂದೆ ಮುಂದೆ ಎಳೆಯಿರಿ. ಇನ್ನೊಬ್ಬರು ಹ್ಯಾಂಡಲ್ ಕೊಳವೆ ಚಾಸಿಯೊಳಗೆ ಹೋಗುವ ಜಾಗದಲ್ಲಿ ಬೆರಳಿಟ್ಟುಕೊಂಡಿರಲಿ. ಏಟು ಅವರ ಬೆರಳಿಗೆ ತಿಳಿದರೆ ಕೋನ್ ಸೆಟ್ ಸಡಿಲ. ಏಟು ಕೆಳಗೆ, ತೋಳಿನ ಪಿನ್ ಹತ್ತಿರ ತಿಳಿದರೆ ಬುಷ್ ಸವೆದಿದೆ. ನನ್ನ ಮಗಳು ಬೆರಳಿಟ್ಟಿದ್ದಳು. ‘ಇಲ್ಲಿ ಕುಟ್ಟುತ್ತಿದೆ ಅಪ್ಪ’ ಅಂದಳು. ಬ್ರೇಕ್ ತುಳಿದಾಗ ಬರುತ್ತಿದ್ದ ‘ಟಕ್’ ಇದೇ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪರೀಕ್ಷೆ. ಕಣ್ಣು ಮುಚ್ಚಿಕೊಂಡು, ಎರಡೇ ಬೆರಳಲ್ಲಿ ಹ್ಯಾಂಡಲ್ ಹಿಡಿದು, ಎಡದ ಕೊನೆಯಿಂದ ಬಲದ ಕೊನೆಗೆ ನಿಧಾನವಾಗಿ ತಿರುಗಿಸಿ. ಎಣ್ಣೆ ಹಾಕಿದ ಬಾಗಿಲಿನ ಹಾಗೆ ಒಂದೇ ಸಮ ಹೋಗಬೇಕು. ನಟ್ಟನಡುವೆ, ಚಕ್ರ ನೇರ ಇರುವ ಜಾಗದಲ್ಲಿ, ಹ್ಯಾಂಡಲ್ ಒಂದು ಗುಳಿಯೊಳಗೆ ಬಿದ್ದ ಹಾಗೆ ಕೂತರೆ ಕೋನಿನಲ್ಲಿ ಗುಂಡುಗಳು ಹಳ್ಳ ಕೊರೆದಿವೆ. ಗಾಡಿ ಓಡುವುದು ಹೆಚ್ಚು ಹೊತ್ತು ನೇರವಾಗಿಯೇ ಅಲ್ವಾ? ರಸ್ತೆಯ ಪ್ರತಿ ಗುಂಡಿಯ ಏಟೂ ಅದೇ ಜಾಗಕ್ಕೆ ಬಿದ್ದಿರುತ್ತದೆ. ನನ್ನ ಬೆರಳಿಗೆ ಆ ಗುಳಿ ಸ್ಪಷ್ಟವಾಗಿ ಸಿಕ್ಕಿತು.

ನಾಲ್ಕನೆಯದು, ಒಂದು ತಂತಿಯನ್ನು ರಿಮ್ಮಿನ ಅಂಚಿಗೆ ತಾಗಿಯೂ ತಾಗದ ಹಾಗೆ ಕಟ್ಟಿ, ಚಕ್ರ ತಿರುಗಿಸಿ. ತಂತಿಗೂ ರಿಮ್ಮಿಗೂ ನಡುವಿನ ಸಂದು ಹಿಗ್ಗಿ ಕುಗ್ಗಿದರೆ ರಿಮ್ ಬಾಗಿದೆ. ಟೈರಿನಲ್ಲಿ ಉಬ್ಬು ಇದ್ದರೂ ಈಗಲೇ ಕಾಣುತ್ತದೆ. ಐದನೆಯದು, ಚಕ್ರ ತಿರುಗುವಾಗ ತೋಳಿನ ಮೇಲೆ ಅಂಗೈ ಇಡಿ. ರವೆ ಹುರಿದ ಹಾಗೆ ಗರಗರ ಅನ್ನಿಸಿದರೆ ಬೇರಿಂಗ್. ನನ್ನದರಲ್ಲಿ ಎರಡೂ ಸರಿ ಇತ್ತು.

ಹಿಂಭಾಗ ಎತ್ತಬೇಕಾಗಿ ಬಂದರೆ

ಒಂದೇ ಚಕ್ರ ನೋಡುವುದಿದ್ದರೆ ಒಂದನ್ನೇ ಎತ್ತಿ. ಮುಂದಿನ ಚಕ್ರಕ್ಕೂ ನೆಲದಲ್ಲಿ ಉಳಿಯುವ ಹಿಂದಿನ ಚಕ್ರಕ್ಕೂ ಎರಡೂ ಕಡೆ ಅಡೆ ಕೊಡಿ. ಹ್ಯಾಂಡಲ್ ನೇರ ಮಾಡಿ ಹಗ್ಗದಿಂದ ಕಟ್ಟಿ. ಮುಂದಿನ ಚಕ್ರ ಪಕ್ಕಕ್ಕೆ ತಿರುಗಿದರೆ ಅಡೆ ಕಳಚುತ್ತದೆ. ಜಾಕ್ ಆದಷ್ಟು ಹೊರಗೆ, ಚಾಸಿಯ ಗಟ್ಟಿ ಭಾಗಕ್ಕೆ ಇರಲಿ. ಎಂಜಿನ್, ಗೇರ್ ಬಾಕ್ಸಿನ ಅಲ್ಯೂಮಿನಿಯಂ ಕವಚಕ್ಕಾಗಲಿ, ಸೈಲೆನ್ಸರಿಗಾಗಲಿ ಕೊಡಬೇಡಿ. ಸ್ಟ್ಯಾಂಡ್ ಕೂತು, ಭುಜದ ಪರೀಕ್ಷೆ ಆದ ಮೇಲಷ್ಟೇ ಹ್ಯಾಂಡ್ ಬ್ರೇಕ್ ಬಿಟ್ಟು ಚಕ್ರ ತಿರುಗಿಸಿ. ಎಂಜಿನ್ ಚಾಲೂ ಮಾಡಿ ಚಕ್ರ ತಿರುಗಿಸುವ ಆಸೆ ಬೇಡ. ಒಂದೇ ಚಕ್ರ ಗಾಳಿಯಲ್ಲಿದ್ದರೆ ಡಿಫರೆನ್ಷಿಯಲ್ ಅದನ್ನು ದುಪ್ಪಟ್ಟು ವೇಗದಲ್ಲಿ ತಿರುಗಿಸುತ್ತದೆ.

ಬ್ರೇಕ್ ಹಿಡಿದ ಚಕ್ರಕ್ಕೆ ಒಂದು ಒಳ್ಳೆ ಪರೀಕ್ಷೆ ಇದೆ. ಬ್ರೇಕ್ ಬಿಟ್ಟಿದ್ದರೂ ಚಕ್ರ ಬಿಗಿ ಇದೆ ಅಂತಿಟ್ಟುಕೊಳ್ಳಿ. ಆ ಚಕ್ರದ ಬ್ರೇಕಿನ ಗಾಳಿ ತೆಗೆಯುವ ನಿಪ್ಪಲನ್ನು (ಟೈರಿನದಲ್ಲ) ಸ್ವಲ್ಪ ಸಡಿಲಿಸಿ. ಒಂದಿಷ್ಟು ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಪೈಪಿನಲ್ಲೇ ಉಳಿದಿದೆ. ಹೋಸ್ ಅಥವಾ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ನೋಡಿ. ಚಕ್ರ ಆಗಲೂ ಬಿಗಿ ಇದ್ದರೆ ಹ್ಯಾಂಡ್ ಬ್ರೇಕ್ ಕೇಬಲ್ ಸಿಕ್ಕಿಕೊಂಡಿದೆ, ಇಲ್ಲವೇ ಡ್ರಮ್ಮಿನೊಳಗೆ ಸ್ಪ್ರಿಂಗ್ ಅಥವಾ ಚಕ್ರದ ಸಿಲಿಂಡರ್ ಜಾಮ್ ಆಗಿದೆ. ನಿಪ್ಪಲ್ ಬಿಗಿ ಮಾಡಿ, ಬ್ರೇಕಿನ ಗಾಳಿ ತೆಗೆದು, ಆಯಿಲ್ ಮಟ್ಟ ನೋಡದೆ ಗಾಡಿ ರಸ್ತೆಗಿಳಿಸಬೇಡಿ.

ಶಾಫ್ಟಿನ ರಬ್ಬರ್ ಬೂಟ್ ಹರಿದು ಗ್ರೀಸ್ ಸುತ್ತ ಎರಚಿದ್ದರೆ ಜಾಯಿಂಟ್ ಬಿಚ್ಚಿ ನೋಡುವ ಕಾಲ ಬಂದಿದೆ.

ನನ್ನ ಗಾಡಿಗೆ ಆದದ್ದು

ಮೊದಲು ಕೋನ್ ನಟ್ ಬಿಗಿ ಮಾಡಿ ನೋಡಿದೆ. ‘ಟಕ್’ ನಿಂತಿತು. ಆದರೆ ನಡುವಿನ ಗುಳಿ ಹಾಗೇ ಇತ್ತು, ಹ್ಯಾಂಡಲ್ ಬಿಗಿಯೂ ಆಯಿತು. ಹಳ್ಳ ಬಿದ್ದ ಕೋನನ್ನು ಬಿಗಿ ಮಾಡಿ ಓಡಿಸುವುದು ತಪ್ಪು. ಗಾಡಿ ನೇರ ಹೋಗದೆ ಸಣ್ಣಗೆ ಹಾವಿನ ಹಾಗೆ ಹರಿಯುತ್ತದೆ. ಮೇಲಿನದು ಕೆಳಗಿನದು ಸೇರಿಸಿ ಪೂರ್ತಿ ಸೆಟ್ ತಂದೆ. ಗುಂಡುಗಳು ಕೂರುವ ಕಪ್ ಕೂರಿಸುವುದಕ್ಕೆ ಸರಿಯಾದ ಸಾಧನ ನನ್ನಲ್ಲಿ ಇಲ್ಲ, ಸುತ್ತಿಗೆಯಲ್ಲಿ ಹೊಡೆದರೆ ಓರೆ ಕೂರುತ್ತದೆ. ಆ ಕೆಲಸ ಮಾತ್ರ ಮೆಕ್ಯಾನಿಕ್ ಹತ್ತಿರ ಮಾಡಿಸಿದೆ. ಹಳೇ ಕೋನ್ ಬೆಳಕಿಗೆ ಹಿಡಿದಾಗ ಅಂಚಿನುದ್ದಕ್ಕೂ ಸಣ್ಣ ಸಣ್ಣ ಹಳ್ಳ, ಬೇರಿಂಗಿನ ಒಂದೊಂದು ಗುಂಡಿಗೂ ಒಂದೊಂದು, ಚನ್ನೆಮಣೆಯ ಗುಳಿಗಳ ಹಾಗೆ ಸಾಲಾಗಿ ಕಂಡವು.

ಹೊಸ ಸೆಟ್ ಹಾಕಿ, ಗಾಡಿ ಸ್ಟ್ಯಾಂಡಿನ ಮೇಲಿರುವಾಗಲೇ ಹೊಂದಿಸಿದೆವು. ಆಟ ಪೂರ್ತಿ ಹೋಗಬೇಕು, ಆದರೆ ಹ್ಯಾಂಡಲನ್ನು ನಡುವಿನಿಂದ ಸ್ವಲ್ಪ ಸರಿಸಿ ಬಿಟ್ಟರೆ ತಾನಾಗಿಯೇ ಪಕ್ಕಕ್ಕೆ ಬೀಳಬೇಕು. ಎರಡೂ ಆದರೆ ಬಿಗಿ ಸರಿಯಾಗಿದೆ.

ಇಳಿಸುವಾಗ ಜಾಕ್ ಎತ್ತಿ, ಸ್ಟ್ಯಾಂಡ್ ತೆಗೆದು, ನಿಧಾನವಾಗಿ ಕೆಳಗೆ. ಚಕ್ರದ ನಟ್ಟುಗಳ ಕೊನೆಯ ಬಿಗಿ ಚಕ್ರ ನೆಲಕ್ಕೆ ಮುಟ್ಟಿದ ಮೇಲೆ, ಎದುರುಬದುರು ನಟ್ಟುಗಳನ್ನು ಹಿಡಿದು. ಅಡೆಗಳನ್ನು ಕಡೆಗೆ ತೆಗೆದೆ. 20 ಕಿಲೋಮೀಟರ್ ಓಡಿಸಿ ಬಂದು ಮತ್ತೊಮ್ಮೆ ಪಾನಾ ಹಾಕಿದೆ. ಒಂದು ನಟ್ ಕಾಲು ಸುತ್ತು ಹಿಡಿಯಿತು. 30ರಲ್ಲೂ 40ರಲ್ಲೂ ಹ್ಯಾಂಡಲ್ ಸುಮ್ಮನಿತ್ತು.